ಟೈಲರಮ್ಮ ಹೇಳಿದವರು ಗೆಲ್ಲುವುದಿಲ್ಲ

ಸೊಸೆ ಅತ್ತೆಯ ಕೂದಲನ್ನು ಬಾಚಿ, ಮೂರು ಎಳೆ ಮಾಡಿ ಹೆಣೆಯುತ್ತಿದ್ದಳು. ಕಿಟಕಿಯ ಆಚೆ ಯಾರೋ ದನಿ ತಗ್ಗಿಸಿ, "ಎಣಿಕೆ ಎರಡನೇ ಸುತ್ತು ಮುಗೀತಂತೆ" ಎಂದರು. ಹೆಣೆಯುತ್ತಿದ್ದ ಕೈ ತಡೆಯಿತು.

ಮಂಚದ ಇನ್ನೊಂದು ಬದಿಗೆ ಕೂತಿದ್ದ ಚಿಕ್ಕಮ್ಮ, ಅಂದರೆ ತೀರಿಕೊಂಡವಳ ತಂಗಿ, ಎದ್ದು ಹೋಗಿ ಕಿಟಕಿಯನ್ನು ದಡಾರನೆ ಮುಚ್ಚಿದಳು.

"ಹೆಣ ಇನ್ನೂ ಮನೇಲಿದೆ, ಇವರಿಗೆ ಸುತ್ತು ಬೇಕಂತೆ ಸುತ್ತು! ಮಾನ ಮರ್ಯಾದೆ ಇದೆಯಾ?"

"ಬಿಡಿ ಚಿಕ್ಕಮ್ಮ. ಅತ್ತೆ ಇದ್ದಿದ್ರೆ ಅವರೇ ಕಿಟಕಿ ತೆಗೆದು ಎಷ್ಟು ಲೀಡು ಅಂತ ಕೇಳೋರು."

"ಕೇಳೋಳು, ಕೇಳೋಳು. ಕೇಳಿ ಏನು ಬಂತು? ಅವಳು ಗೆಲ್ತಾನೆ ಅಂದೋನು ಒಬ್ಬನಾದ್ರೂ ಗೆದ್ದಿದ್ದುಂಟಾ?"

ಅಂದವಳೇ ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಸೊಸೆ ಜಡೆಯ ತುದಿಗೆ ದಾರ ಸುತ್ತಿ, ಬಿಗಿಯಾಯಿತೇನೋ ಎಂದು ಬಿಚ್ಚಿ, ಮತ್ತೆ ಸಡಿಲವಾಗಿ ಸುತ್ತಿದಳು.

ಮಂಚದ ಮೇಲೆ ಮಲಗಿದ್ದವಳು ಆ ಬೀದಿಯ ಟೈಲರಮ್ಮ. ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಟಿ.ವಿ. ಮುಂದೆ ಕೂತಿದ್ದಳು. ಕೋಟು ಹಾಕಿದವನೊಬ್ಬ ರಾಜ್ಯದ ಫಲಿತಾಂಶ ಹೀಗೇ ಬರುತ್ತದೆ ಎಂದು ಬೆರಳೆಣಿಸಿ ಹೇಳುತ್ತಿದ್ದ. "ಇವನಿಗೇನು ಗೊತ್ತು ಮಣ್ಣು, ಕೋಟಿನ ಭುಜ ನೋಡು, ಜೋತುಬಿದ್ದಿದೆ" ಎಂದು ಬೈದು ಮಗ್ಗುಲಾದವಳು ಮತ್ತೆ ಏಳಲಿಲ್ಲ. ಹೃದಯದ ಕಾಯಿಲೆ ಹಳೆಯದು, ಡಾಕ್ಟರು ಮೊದಲೇ ಹೇಳಿದ್ದರು. ಒಂದು ದಿನ ತಡೆದಿದ್ದರೆ ಎಣಿಕೆ ನೋಡಿಕೊಂಡೇ ಹೋಗುತ್ತಿದ್ದಳಲ್ಲ ಎಂದು ಇಡೀ ಬೀದಿ ಮರುಗಿತು. ಮರುಗಿದವರಲ್ಲಿ ಬಹಳ ಜನ, ನೋಡದೆ ಹೋದದ್ದೇ ಒಳ್ಳೆಯದಾಯಿತು ಎಂದೂ ಒಳಗೊಳಗೇ ಅಂದುಕೊಂಡರು. ಯಾಕೆಂದರೆ ಈ ಸಲ ಯಾವ ಪಕ್ಷಕ್ಕೂ ಸೇರದೆ ಚುನಾವಣೆಗೆ ನಿಂತವಳು ಅವಳ ಸೊಸೆ. ಆ ಸೊಸೆ ಗೆಲ್ಲುತ್ತಾಳೆ ಎಂದು ಟೈಲರಮ್ಮ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಬಿಟ್ಟಿದ್ದಳು.

ಟೈಲರಮ್ಮ ಹೇಳಿದವರು ಗೆಲ್ಲುವುದಿಲ್ಲ. ಇದು ಆ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಸಂಗತಿ.

\*

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಇಸ್ತ್ರಿ ಮೇಜು, ಮೊಳೆಗಳಲ್ಲಿ ತೋಳಿಲ್ಲದ ಅರ್ಧಂಬರ್ಧ ಕೋಟುಗಳು. ಗಂಡ ತೀರಿಕೊಂಡ ಮೇಲೆ ಅವನ ಯಂತ್ರಕ್ಕೆ ಅವಳೇ ಕೂತಳು. ಗಂಡಸರ ಕೋಟು ಪ್ಯಾಂಟು ಹೊಲಿಯುವ ಹೆಂಗಸು ಆ ಸುತ್ತಿನಲ್ಲಿ ಅವಳೊಬ್ಬಳೇ. ಕೈ ಚೆನ್ನಾಗಿತ್ತು, ಬಾಯಿ ಕೈಗಿಂತ ಜೋರಾಗಿತ್ತು.

ಅವಳು ಅಳತೆ ತೆಗೆಯುತ್ತಿದ್ದ ರೀತಿಯೇ ಬೇರೆ. ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಎರಡೂ ಕೈ ಅಗಲಿಸಿ ಹಿಡಿ ಎಂದು ಹೇಳಿ, ಟೇಪನ್ನು ಕೊರಳ ಸುತ್ತ ತಂದು, ಆಮೇಲೆ ಪ್ರಶ್ನೆ ಹಾಕುತ್ತಿದ್ದಳು. "ಮುಖ್ಯಮಂತ್ರೀನ ಬದಲಾಯಿಸ್ತಾರಂತಲ್ಲ, ನಿನಗೇನನ್ಸುತ್ತೆ?" ಅಥವಾ, "ಈ ಸಲದ ಬಜೆಟ್ಟಲ್ಲಿ ನಮ್ಮ ಕಡೆಗೆ ಏನು ಕೊಟ್ರು, ಒಂದು ಹೇಳು ನೋಡೋಣ." ಉತ್ತರ ಬರುವವರೆಗೆ ಟೇಪು ಸಡಿಲಾಗುತ್ತಿರಲಿಲ್ಲ. "ಗೊತ್ತಿಲ್ಲ ಅಂದ್ರೆ? ವೋಟು ಹಾಕ್ತೀಯ ತಾನೆ? ಕೈ ಇಳಿಸ್ಬೇಡ." ಮೊದಲ ಸಲ ಬಂದವರಿಗೆ ರಟ್ಟೆ ನೋಯುತ್ತಿತ್ತು. ಎರಡನೇ ಸಲ ಬರುವವರು ಪೇಪರು ಓದಿಕೊಂಡೇ ಬರುತ್ತಿದ್ದರು.

ಅವಳ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಪಕ್ಷದಿಂದ ಪಕ್ಷಕ್ಕೆ ಹಾರಿದವರ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಹಾಗೆ ಹಾರಿ ಮಂತ್ರಿಯಾಗಲು ಹೊರಟ ಶಾಸಕನೊಬ್ಬ ಪ್ರಮಾಣವಚನಕ್ಕೆ ಕೋಟು ಬೇಕೆಂದು ಒಳ್ಳೆಯ ಬಟ್ಟೆ ಕಳಿಸಿದ್ದ. "ಯಾವ ಕಡೆ ನಿಲ್ತಾನೆ ಅಂತ ಮೊದ್ಲು ಹೇಳೋಕೆ ಹೇಳು. ಆಮೇಲೆ ಗುಂಡಿ ಯಾವ ಕಡೆ ಇಡ್ಬೇಕು ನೋಡೋಣ" ಎಂದು ಬಟ್ಟೆ ತಂದವನ ಕೈಗೇ ವಾಪಸು ಕೊಟ್ಟಳು. ಆ ಶಾಸಕ ಅಂದಿನಿಂದ ಆ ಬೀದಿಗೆ ಕಾಲಿಡಲಿಲ್ಲ.

ಎಲ್ಲಕ್ಕಿಂತ ದೊಡ್ಡ ಜಗಳ ಪಕ್ಕದ ಮನೆಯ ಮೇಷ್ಟ್ರ ಜೊತೆಗೆ. ಮೇಷ್ಟ್ರು ನಿವೃತ್ತರಾದ ಮೇಲೆ ದಿನಾ ಸಂಜೆ ಅಂಗಡಿಯ ಬೆಂಚಿಗೆ ಬಂದು ಕೂರುತ್ತಿದ್ದರು. ಅವರದು ಒಂದೇ ಸಿದ್ಧಾಂತ.

"ರಾಜ್ಯದಲ್ಲಿ ಯಾರು ಬರ್ತಾರೋ ಅವರ ಜೊತೆ ನಾವಿರ್ಬೇಕು ಟೈಲರಮ್ಮ. ಆಳೋರ ಕಡೆ ಇದ್ರೆ ತಾನೇ ಅನುದಾನ ಬರೋದು?"

"ನಾವು ಇಷ್ಟು ವರ್ಷ ಅದೇ ಮಾಡಿದ್ವಲ್ಲ ಮೇಷ್ಟ್ರೇ, ಏನು ಬಂತು? ಇವರು ಹೇಗಿದ್ರೂ ನಮ್ಮವರೇ ಅಂತ ಮೂಲೇಲಿಟ್ರು. ನಮಗೆ ಅವರು ಬೇಕಾಗೋದಲ್ಲ, ಅವರಿಗೆ ನಾವು ಬೇಕಾಗ್ಬೇಕು."

"ಆಗೋ ಮಾತು ಹೇಳಿ."

"ಆಗುತ್ತೆ. ನೋಡ್ತಿರಿ."

ಹೀಗೆ ನೋಡುತ್ತಾ ನೋಡುತ್ತಾ ಇಬ್ಬರಿಗೂ ವಯಸ್ಸಾಯಿತು. ಕಾಫಿ ತಣ್ಣಗಾಗುವುದು, ಮೇಷ್ಟ್ರು ಸಿಟ್ಟು ಮಾಡಿಕೊಂಡು ಎದ್ದು ಹೋಗುವುದು, ಮರುದಿನ ಸಂಜೆ ಅದೇ ಬೆಂಚಿಗೆ ಬರುವುದು, ಇದು ನಡೆದೇ ಇತ್ತು.

ಭವಿಷ್ಯ ಹೇಳುವುದರಲ್ಲಿ ಮಾತ್ರ ಟೈಲರಮ್ಮನ ಲೆಕ್ಕ ಒಮ್ಮೆಯೂ ನೆಟ್ಟಗಾಗಲಿಲ್ಲ. ಪುರಸಭೆಯಾಗಲಿ ವಿಧಾನಸಭೆಯಾಗಲಿ, ಅವಳು ಯಾರ ಹೆಸರು ಎತ್ತಿದರೂ ಅವರು ಮಣ್ಣುಮುಕ್ಕುತ್ತಿದ್ದರು. ಮೊದಮೊದಲು ಜನ ನಕ್ಕರು. ಆಮೇಲೆ ನಂಬಿದರು. ಬಾಜಿ ಕಟ್ಟುವವರು ಬಟ್ಟೆ ಹೊಲಿಸುವ ನೆಪದಲ್ಲಿ ಬಂದು ಅವಳ ಬಾಯಿ ಬಿಡಿಸಿ, ಹೊರಗೆ ಹೋಗಿ ತಿರುವುಮುರುವಾಗಿ ಕಟ್ಟುತ್ತಿದ್ದರು. ಅಭ್ಯರ್ಥಿಯೊಬ್ಬನಂತೂ ಮನೆಗೇ ಬಂದು ಕೈಮುಗಿದ.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಎದುರಾಳಿ ಗೆಲ್ತಾನೆ ಅಂತ ಒಂದ್ಮಾತು ಹೇಳಿಬಿಡಿ."

"ಹಾಗನ್ಸಿದ್ರೆ ಹೇಳ್ತಿದ್ದೆ. ಅನ್ಸಿಲ್ವಲ್ಲಪ್ಪ. ನೀನೇ ಗೆಲ್ತೀಯ."

ಅವನು ಬಾಗಿಲಲ್ಲೇ ಕುಸಿದು ಕೂತ. ನೀರು ಕೊಟ್ಟು ಕಳಿಸಿದರು. ಎಣಿಕೆಯ ದಿನ ಠೇವಣಿಯೂ ಉಳಿಯಲಿಲ್ಲ.

\*

ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಹಾಕಿದ್ದರು. ಬಂದವರೆಲ್ಲ ಒಳಗೆ ಹೋಗಿ, ಹೂವಿಟ್ಟು, ಕಣ್ಣೊರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಆಮೇಲೆ ಒಂದು ಕೈಯನ್ನು ಜೇಬಿಗೆ ಇಳಿಸುತ್ತಿದ್ದರು. ಎಲ್ಲರ ಜೇಬಿನಲ್ಲೂ ಫೋನು. ಮೂಲೆಯ ಔಷಧಿ ಅಂಗಡಿಯವನು ಪೇಪರನ್ನು ಅಡ್ಡ ಹಿಡಿದು ಅದರ ಮರೆಯಲ್ಲಿ ಫೋನು ನೋಡುತ್ತಿದ್ದ. ಪೇಪರು ತಲೆಕೆಳಗಾಗಿತ್ತು.

ಮೊದಲ ಸಾಲಿನಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು. ಬೆಳಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ.

ಟೈಲರಮ್ಮನ ಮಗ, ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್ ಆಗಿದ್ದವನು, ಗೇಟಿನ ಹತ್ತಿರ ನಿಂತು ಶವ ಸಾಗಿಸುವ ವ್ಯಾನಿನವನೊಂದಿಗೆ ಫೋನಿನಲ್ಲಿ ವಾದಿಸುತ್ತಿದ್ದ. "ಬೀದಿ ಒಳಗೆ ಬರೋಕಾಗಲ್ಲ ಅಂತ ನನಗೂ ಗೊತ್ತು ಮಾರಾಯ. ಚರಂಡಿಗೆ ಅಗೆದು ಹಾಗೇ ಬಿಟ್ಟು ಹೋಗಿದ್ದಾರೆ. ನೀನು ದೊಡ್ಡ ರಸ್ತೇಲಿ ನಿಂತಿರು, ನಾವು ಹೊತ್ಕೊಂಡು ಬರ್ತೀವಿ."

ಅಷ್ಟರಲ್ಲಿ ಔಷಧಿ ಅಂಗಡಿಯವನ ಪೇಪರು ಕೆಳಗಿಳಿಯಿತು.

"ಮೂರನೇ ಸುತ್ತು," ಎಂದ. ಎಲ್ಲರೂ ಅವನ ಕಡೆ ತಿರುಗಿದರು. "ಹಿಂದಿದ್ದಾರೆ. ಹಳೇ ಶಾಸಕರೇ ಮುಂದೆ."

ಹಿಂದಿನ ಸಾಲಿನಲ್ಲಿ ಒಬ್ಬ, "ಪಾಪ, ಟೈಲರಮ್ಮ ಬಾಯಿ ಹಾಕ್ಬಾರ್ದಿತ್ತು" ಎಂದ. ಇನ್ನೊಬ್ಬನಿಗೆ ತಡೆಯಲಾಗದೆ ನಗು ಬಂತು. ಕೆಟ್ಟ ನಗುವಲ್ಲ, ಪ್ರೀತಿಯದೇ. ಆದರೆ ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. "ಸತ್ತ ಮೇಲಾದ್ರೂ ಒಂದು ಸಲ ಸರಿ ಹೋಗ್ಬಾರ್ದಿತ್ತಾ" ಎಂದು ಮತ್ಯಾರೋ ಸೇರಿಸಿದರು.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ನಗು ಕೇಳಿಸಿತ್ತು. ಎಲ್ಲರೂ ಒಮ್ಮೆಲೇ ನೆಲ ನೋಡಿದರು.

ಅವಳಿಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಸೋಲುವುದಕ್ಕೆ ಅವಳು ಸಿದ್ಧಳಾಗಿದ್ದಳು. ಇದ್ದ ಸರ್ಕಾರಿ ಕೆಲಸ ಬಿಟ್ಟು ನಿಂತವಳು ಅಷ್ಟೂ ಯೋಚಿಸದೆ ಇರುತ್ತಾಳೆಯೇ? ಆದರೆ ಇವತ್ತು ತಾನು ಸೋತರೆ ಈ ಊರು ಅತ್ತೆಯನ್ನು ಹೀಗೆ ನಗುತ್ತಲೇ ಸ್ಮಶಾನಕ್ಕೆ ಕಳಿಸುತ್ತದೆ. ಅಷ್ಟು ವರ್ಷ ಮಾತಾಡಿದ್ದರಲ್ಲಿ ಒಂದು ಮಾತೂ ಉಳಿಯುವುದಿಲ್ಲ, ಕೊನೆಗೆ ಸೊಸೆಯನ್ನೂ ಸೋಲಿಸಿ ಹೋದಳು ಎನ್ನುವ ತಮಾಷೆ ಉಳಿಯುತ್ತದೆ.

"ಕಾಫಿ ಬಂದಿದೆ, ಎಲ್ರೂ ತಗೊಳ್ಳಿ," ಎಂದಷ್ಟೇ ಹೇಳಿ ಒಳಗೆ ಹೋದಳು.

\*

ಸೊಸೆ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದವಳು. ಊರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿತ್ತು. ಆ ವಾರ್ಡನ್ನು ಸರ್ಕಾರ ಮುಚ್ಚಿತು. ಎಲ್ಲ ರಾಜಧಾನಿಯಲ್ಲೇ ಇದ್ದರೆ ಖರ್ಚು ಕಡಿಮೆ ಎಂದು ಯಾರೋ ಲೆಕ್ಕ ಹಾಕಿದ್ದರು. ಹಳೇ ಶಾಸಕ ಆಳುವ ಪಕ್ಷದವನು, ತುಟಿ ಬಿಚ್ಚಲಿಲ್ಲ. ಅಲ್ಲಿಂದ ಮುಂದೆ ನೋವು ಬಂದ ಹೆಂಗಸರನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ರಾಜಧಾನಿಯ ದಾರಿ ಹಿಡಿಯುವುದೇ ಅವಳ ಕೆಲಸವಾಯಿತು. ಒಂದು ಬೆಳಿಗ್ಗೆ ಹೆದ್ದಾರಿಯ ಪಕ್ಕದಲ್ಲಿ, ಲಾರಿಗಳು ಹೋಗುವ ಸದ್ದಿನಲ್ಲಿ, ಅವಳೇ ಹೆರಿಗೆ ಮಾಡಿಸಿದಳು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮನೆಗೆ ಬಂದು ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಟೈಲರಮ್ಮ ಯಂತ್ರ ನಿಲ್ಲಿಸಿ ಅವಳ ಬೆನ್ನು ಸವರಿದಳು.

"ಅಳು. ಚೆನ್ನಾಗಿ ಅತ್ತುಬಿಡು. ಮುಗಿದ ಮೇಲೆ ನಾಮಪತ್ರ ಹಾಕು."

"ನಾನಾ? ಅತ್ತೆ, ನನಗೇನು ಗೊತ್ತು ರಾಜಕೀಯ?"

"ನನಗೆ ಗೊತ್ತಲ್ಲ. ಇಷ್ಟು ವರ್ಷ ಮಾತಾಡಿದ್ದು ಸಾಕಾಯ್ತು ಕಣೆ. ಒಂದ್ಸಲ ಏನಾದ್ರೂ ಮಾಡೋಣ."

ಮಗನನ್ನು ಕೇಳಿದರು. ಅವನು ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. "ನೀವಿಬ್ರೂ ಒಂದೇ ಮಾತಿಗೆ ಬಂದ್ಮೇಲೆ ನಾನೇನು ಹೇಳೋದು, ಪೋಸ್ಟರ್ ಅಂಟಿಸೋಕೆ ಏಣಿ ನಂದಿದೆ" ಎಂದ.

ಪ್ರಚಾರವೆಲ್ಲ ಚೆನ್ನಾಗಿಯೇ ನಡೆಯಿತು, ಟೈಲರಮ್ಮ ಬಾಯಿ ತೆರೆಯುವವರೆಗೆ. ಅವಳು ತನ್ನ ಸೊಸೆ ಗೆಲ್ಲುತ್ತಾಳೆ ಎಂದು ಹೇಳಿದ ದಿನವೇ ಹಳೇ ಶಾಸಕನ ಮನೆಯಲ್ಲಿ ಪಟಾಕಿ ಹೊಡೆದರಂತೆ. ಮತದಾನದ ಹಿಂದಿನ ಸಂಜೆ ಸೊಸೆಗೆ ತಡೆಯಲಾಗಲಿಲ್ಲ. ಟೈಲರಮ್ಮ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ಸೊಸೆ ಮಾತ್ರೆ ಕೊಟ್ಟು, ನೀರಿನ ಲೋಟ ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಅತ್ತೆ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು."

"ಕೇಳು."

"ನಾಳೆ ಯಾರಾದ್ರೂ ಕೇಳಿದ್ರೆ... ನಾನು ಸೋಲ್ತೀನಿ ಅಂತ ಹೇಳ್ತೀರಾ?"

ಟೈಲರಮ್ಮ ಅವಳನ್ನೇ ನೋಡಿದಳು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕಳು. ಕೆಮ್ಮು ಬಂತು, ಸೊಸೆ ಬೆನ್ನು ತಟ್ಟಿದಳು.

"ನೀನೂ ಅದೇ ನಂಬಿಬಿಟ್ಯಾ?"

"ನಂಬಿಕೆ ಅಂತಲ್ಲ ಅತ್ತೆ. ಭಯ. ಜನ ನಂಬ್ತಾರಲ್ಲ. ಹೇಗಿದ್ರೂ ಸೋಲ್ತಾಳೆ ಅಂತ ವೋಟನ್ನೇ ಹಾಕ್ದೆ ಹೋದ್ರೆ?"

"ನೋಡು, ನಾನು ಎಷ್ಟೋ ಸಲ ತಪ್ಪಿದ್ದೀನಿ. ಪ್ರತಿ ಸಲಾನೂ ತಪ್ಪಿದ್ದೀನಿ ಅನ್ನು. ಆದ್ರೆ ಒಂದು ಸಲಾನೂ ಸುಳ್ಳು ಹೇಳಿಲ್ಲ. ಒಳಗೆ ಅನ್ಸಿದ್ದನ್ನೇ ಹೇಳಿದ್ದೀನಿ. ಈಗ ನಿನ್ನ ವಿಷಯದಲ್ಲಿ ಸುಳ್ಳು ಹೇಳು ಅಂತೀಯಾ? ಆಗಲ್ಲ." ಸೊಸೆಯ ಕೈ ಹಿಡಿದುಕೊಂಡಳು. "ನೀನು ಗೆಲ್ತೀಯ. ಹೇಳಿಯಾಯ್ತು. ದೀಪ ಆರಿಸು."

ಮರುದಿನ ಆಟೋದಲ್ಲಿ ಮತಗಟ್ಟೆಗೆ ಹೋದಳು. ಒಂದು ಕಡೆ ಮಗ, ಇನ್ನೊಂದು ಕಡೆ ಮೇಷ್ಟ್ರು ಹಿಡಿದುಕೊಂಡಿದ್ದರು. ವೋಟು ಹಾಕಿ ಹೊರಗೆ ಬಂದವಳು ಸಾಲಿನಲ್ಲಿ ನಿಂತವರನ್ನೆಲ್ಲ ನೋಡಿ, ಇದ್ದ ಉಸಿರನ್ನೆಲ್ಲ ಸೇರಿಸಿ, "ನನ್ನ ಸೊಸೆ ಗೆಲ್ತಾಳೆ ಕಣ್ರಯ್ಯಾ!" ಎಂದಳು. ಪ್ರಚಾರ ಮಾಡಬಾರದು ಎಂದು ಪೊಲೀಸಿನವನು ಓಡಿಬಂದ. "ಪ್ರಚಾರ ಎಲ್ಲಿ ಮಾಡಿದೆ? ಅಭಿಪ್ರಾಯ ಹೇಳಿದೆ" ಎಂದು ಅವನ ಜೊತೆಗೂ ಒಂದು ಸುತ್ತು ಜಗಳವಾಡಿ ಆಟೋ ಹತ್ತಿದಳು. ಸಾಲಿನಲ್ಲಿದ್ದವರು ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಂತಿದ್ದರು.

\*

ನಾಲ್ಕನೇ ಸುತ್ತಿಗೆ ಅಂತರ ಕಡಿಮೆಯಾಯಿತು. ಐದನೆಯದರಲ್ಲಿ ಸಮ. ಈಗ ಫೋನನ್ನು ಮುಚ್ಚಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಕುರ್ಚಿಗಳೆಲ್ಲ ಔಷಧಿ ಅಂಗಡಿಯವನ ಸುತ್ತ ಸರಿದಿದ್ದವು. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಚಿಕ್ಕಮ್ಮ ತಾನೇ ಮುಚ್ಚಿದ ಕಿಟಕಿಯನ್ನು ತಾನೇ ತೆಗೆದು, "ಗಾಳಿಗೆ" ಎಂದಳು. ಯಾರೂ ಕೇಳಿರಲಿಲ್ಲ.

ಎಣಿಕೆಯ ಕೇಂದ್ರದಲ್ಲಿ ಸೊಸೆಯ ಪರವಾಗಿ ಕೂತಿದ್ದವನು ಆ ಆಂಬುಲೆನ್ಸಿನ ಡ್ರೈವರು. ಆರನೇ ಸುತ್ತಿನ ನಂತರ ಹೊರಗೆ ಬಂದು ಅವನೇ ಫೋನು ಮಾಡಿದ. ಮಗ ಫೋನಿನ ದನಿಯನ್ನು ಜೋರು ಮಾಡಿ ಎಲ್ಲರಿಗೂ ಕೇಳುವ ಹಾಗೆ ಹಿಡಿದ.

"ಸಿಸ್ಟರ್, ಮುಂದೆ ಬಂದ್ವಿ! ನಮ್ಮೂರಿನ ಮಷೀನುಗಳನ್ನ ಈಗ ತೆಗೀತಿದ್ದಾರೆ. ಒಂದು ಮಷೀನಲ್ಲೂ ಅವರಿಗೆ ಏನೂ ಸಿಗ್ತಿಲ್ಲ. ಎಲ್ಲಾ ನಮ್ದೇ ಸಿಸ್ಟರ್, ಎಲ್ಲಾ ನಮ್ದೇ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಔಷಧಿ ಅಂಗಡಿಯವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಾನೂ ಸಿಸ್ಟರ್‌ಗೇ ಹಾಕಿದ್ದೆ. ಯಾರಿಗೂ ಹೇಳಿರ್ಲಿಲ್ಲ ಅಷ್ಟೆ. ಬಾಯಿಬಿಟ್ರೆ ಎಲ್ಲಿ ಕೆಟ್ಟುಹೋಗುತ್ತೋ ಅಂತ."

"ನೀನೂನಾ?" ಎಂದ ಪಕ್ಕದವನು. "ನಾನು ನನ್ನ ಹೆಂಡತಿಗೂ ಹೇಳಿಲ್ಲ ಮಾರಾಯ."

"ನನಗೆ ಗೊತ್ತಿತ್ತು ಬಿಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ನಾನೂ ಅವರಿಗೇ ಹಾಕಿ ಬಂದು ನಿಮಗೆ ಹೇಳಿರ್ಲಿಲ್ಲ."

ಚಿಕ್ಕಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಸೊಸೆಯ ತೋಳು ಹಿಡಿದಳು. "ನಾನೂ ಕಣೆ. ಅಕ್ಕನ ಮುಂದೆ ಮಾತ್ರ, ಹಳಬನೇ ಬರ್ತಾನೆ ಬಿಡು ಅಂತಿದ್ದೆ. ಅವಳ ಮಾತಿನ ದೃಷ್ಟಿ ನಾನಾದ್ರೂ ತೆಗೀಬೇಕಲ್ಲ ಅಂತ."

ಅಂದರೆ ಹೀಗಾಗಿತ್ತು. ಟೈಲರಮ್ಮನ ಬಾಯಿಗೆ ಹೆದರಿ ಇಡೀ ಊರು ಬಾಯಿಗೆ ಬೀಗ ಹಾಕಿಕೊಂಡಿತ್ತು. ಸೊಸೆ ಸೋಲುತ್ತಾಳೆ ಎಂದು ಪ್ರತಿಯೊಬ್ಬರೂ ಎದುರಿಗೆ ಸಿಕ್ಕವರಿಗೆ ಹೇಳಿ, ಹೋಗಿ ಅವಳಿಗೇ ಒತ್ತಿ ಬಂದಿದ್ದರು. ಹಳೇ ಶಾಸಕನ ಕಡೆಯವರು ಬೀದಿಬೀದಿಯಲ್ಲಿ ಕೇಳಿದಾಗಲೂ ಅದೇ ಉತ್ತರ ಸಿಕ್ಕಿತ್ತು. ಅವರು ಅದನ್ನು ನಂಬಿ, ಕೊನೆಯ ವಾರ ಆ ಊರಿನ ಕಡೆ ತಲೆ ಹಾಕದೆ ಬೇರೆ ಕಡೆ ಓಡಾಡಿಕೊಂಡಿದ್ದರು.

ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಡ್ರೈವರಿಗೆ ಮಾತೇ ಹೊರಡಲಿಲ್ಲ. ಹಿಂದಿನ ಗದ್ದಲದ ನಡುವೆ ಅವನು ಅಳುವುದು ಕೇಳಿಸಿತು, ಅಷ್ಟೇ. ಸಾಕಾಯಿತು.

ಯಾರೋ ಕೂಗಲು ಬಾಯಿ ತೆರೆದರು. ಹೆಣ ಒಳಗಿದೆ ಎನ್ನುವುದು ನೆನಪಾಗಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಎಲ್ಲರೂ ಹಾಗೆಯೇ, ಉಬ್ಬಿದ ಕೆನ್ನೆಯಲ್ಲಿ, ಒದ್ದೆ ಕಣ್ಣಿನಲ್ಲಿ ನಿಂತರು. ಚಿಕ್ಕಮ್ಮ ಮೆಟ್ಟಿಲ ಮೇಲೆ ಬಂದು ನಿಂತಳು.

"ಏನು ಮೂಗರ ಹಾಗೆ ನಿಂತ್ರಿ? ಜೀವಮಾನದಲ್ಲಿ ಒಂದ್ಸಲ ಗೆದ್ದಿದ್ದಾಳೆ ನನ್ನಕ್ಕ. ಕೂಗ್ರೋ!"

ಕೂಗಿದರು. ಆ ಕೂಗಿಗೆ ಎದುರು ಮನೆಯ ನಾಯಿ ಬೆದರಿ ಕುರ್ಚಿಯಡಿ ಸೇರಿತು. ಮಗ ಗೇಟಿಗೆ ಒರಗಿ ಅಳುತ್ತಲೂ ನಗುತ್ತಲೂ ಇದ್ದ. ಸೊಸೆಯನ್ನು ಹೆಂಗಸರು ಎತ್ತಿಯೇಬಿಡುತ್ತಿದ್ದರು, ಅವಳು ತಪ್ಪಿಸಿಕೊಂಡು ಒಳಗೆ ಓಡಿದಳು.

ಒಳಗೆ ಮೇಷ್ಟ್ರು ಆಗಲೇ ಬಂದು ನಿಂತಿದ್ದರು. ಟೈಲರಮ್ಮನ ತಲೆಯ ಹತ್ತಿರ ಬಗ್ಗಿ, ಪಾಠ ಒಪ್ಪಿಸುವವರ ಹಾಗೆ ಸ್ಪಷ್ಟವಾಗಿ ಹೇಳುತ್ತಿದ್ದರು.

"ನಿಮ್ಮ ಸೊಸೆ ಗೆದ್ಲು ಟೈಲರಮ್ಮ. ಸಾವಿರಗಟ್ಟಲೆ ಅಂತರ. ನೀವು ಹೇಳಿದ್ದು ಸರಿಯಾಯ್ತು. ಕೇಳಿಸ್ತಾ? ಸರಿಯಾಯ್ತು." ಆಮೇಲೆ ದನಿ ಒಡೆಯಿತು. "ನಾಳೆ ಸಂಜೆ ನಾನು ಯಾರ ಹತ್ರ ಜಗಳ ಆಡ್ಲಿ?"

ಸೊಸೆ ಅತ್ತೆಯ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಿನ ದಿನದಿಂದ ತಡೆದಿಟ್ಟದ್ದನ್ನೆಲ್ಲ ಅತ್ತಳು. ಸಂತೋಷಕ್ಕೋ ದುಃಖಕ್ಕೋ ಅವಳಿಗೇ ಗೊತ್ತಿರಲಿಲ್ಲ. ಹೆಮ್ಮೆಯಂತೂ ಬಹಳವಾಗಿತ್ತು.

\*

ರಾಜ್ಯದ ಫಲಿತಾಂಶ ಪೂರ್ತಿಯಾಗುವ ಹೊತ್ತಿಗೆ ಟೈಲರಮ್ಮನನ್ನು ಚಟ್ಟದ ಮೇಲೆ ಮಲಗಿಸಿದ್ದರು. ಎದುರು ಮನೆಯ ಟಿ.ವಿ.ಯಲ್ಲಿ ಹಿಂದಿನ ದಿನದ ಅದೇ ಕೋಟಿನವನು ಬೆವರೊರೆಸಿಕೊಳ್ಳುತ್ತಿದ್ದ. ಆಳುವ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಸರಿಸಮ ಸ್ಥಾನ ಬಂದಿತ್ತು. ಎರಡರಲ್ಲಿ ಯಾರು ಸರ್ಕಾರ ಮಾಡಬೇಕಾದರೂ ಇನ್ನೊಂದು ಸ್ಥಾನ ಬೇಕು. ಪಕ್ಷವಿಲ್ಲದೆ ಗೆದ್ದವಳು ಇಡೀ ರಾಜ್ಯದಲ್ಲಿ ಒಬ್ಬಳೇ.

"ಏನಂದೆ?" ಎಂದು ಮೇಷ್ಟ್ರು ಔಷಧಿ ಅಂಗಡಿಯವನ ಕೈಯಿಂದ ಫೋನು ಕಸಿದುಕೊಂಡರು. ಎರಡು ಸಲ ಓದಿದರು. "ಅಯ್ಯೋ ನಿಮ್ಮ... ಅವರಿಗೇ ನಾವು ಬೇಕಾದ್ವಲ್ಲ" ಎಂದು ಚಟ್ಟದ ಕಡೆ ನೋಡಿ, ಕುರ್ಚಿಯಲ್ಲಿ ಕೂತುಬಿಟ್ಟರು.

ಚಟ್ಟ ಎತ್ತುವ ಮೊದಲೇ ಕಾರುಗಳು ಬಂದವು. ದೊಡ್ಡ ರಸ್ತೆಯಲ್ಲಿ ಶವದ ವ್ಯಾನಿನ ಹಿಂದೆ ಒಂದು ಸಾಲು, ಮುಂದೆ ಒಂದು ಸಾಲು. ಬೀದಿಯೊಳಗೆ ಬರಲು ಅವಕ್ಕೂ ದಾರಿಯಿರಲಿಲ್ಲ. ಆಳುವ ಪಕ್ಷದ ಕಾರ್ಯದರ್ಶಿ ಒಂದು ಕಡೆಯಿಂದ, ವಿರೋಧ ಪಕ್ಷದ ನಾಯಕ ಇನ್ನೊಂದು ಕಡೆಯಿಂದ, ಅಗೆದ ಚರಂಡಿಯ ಮೇಲೆ ಹಾಕಿದ ಹಲಗೆಯನ್ನು ಪರೀಕ್ಷಿಸಿ ಪರೀಕ್ಷಿಸಿ ದಾಟಿ ಬಂದರು. ಇಬ್ಬರೂ ಟಿ.ವಿ.ಯಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿದ್ದರು. ಇಬ್ಬರೂ ಒಂದೇ ಅಳತೆಯ ಹೂವಿನ ಹಾರ ತಂದಿದ್ದರು.

"ತುಂಬಲಾರದ ನಷ್ಟ ಮೇಡಂ," ಎಂದ ಕಾರ್ಯದರ್ಶಿ. ಬೆಳಿಗ್ಗೆಯವರೆಗೆ ಸಿಸ್ಟರ್ ಆಗಿದ್ದವಳು ಮೇಡಂ ಆಗಿದ್ದಳು.

"ಮಹಾತಾಯಿ. ಅವರ ಹೆಸರು ನಾವು ಎಷ್ಟು ಕೇಳಿದ್ದೀವಿ!" ಎಂದ ನಾಯಕ. ಕೇಳಿದ್ದ ಹೆಸರು ಯಾವುದು ಎಂದು ಮಾತ್ರ ಹೇಳಲಿಲ್ಲ.

ಕಾರ್ಯದರ್ಶಿ ಅರ್ಧ ಹೆಜ್ಜೆ ಹತ್ತಿರ ಬಂದ. "ಮೇಡಂ, ವಿಮಾನ ನಿಲ್ಸಿದ್ದೀವಿ. ಇವತ್ತೇ ಮುಖ್ಯಮಂತ್ರಿಗಳನ್ನ ನೋಡಿಬಿಡೋಣ. ಯಾವ ಖಾತೆ ಬೇಕು ಹೇಳಿ."

"ಅವರ ಮಾತು ನಂಬಬೇಡಿ," ಎಂದ ನಾಯಕ ಇನ್ನೊಂದು ಕಿವಿಯ ಹತ್ತಿರ. "ನಮ್ಮಲ್ಲಿ ಬಂದ್ರೆ ನೀವು ಕೇಳಿದ್ದೇ ಖಾತೆ."

"ನಮ್ಮೂರಿನ ಹೆರಿಗೆ ವಾರ್ಡು," ಎಂದಳು ಸೊಸೆ.

"ಅಷ್ಟೇನಾ!" ಇಬ್ಬರೂ ಒಟ್ಟಿಗೆ ಅಂದರು. ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. "ಮೊದಲ ಆದೇಶಾನೇ ಅದು ಮೇಡಂ." "ಮೊದಲ ಆದೇಶ ಯಾಕೆ, ಪ್ರಮಾಣವಚನಕ್ಕೆ ಮೊದ್ಲೇ ಡಾಕ್ಟರನ್ನ ಕಳಿಸ್ತೀವಿ."

ಅಷ್ಟು ವರ್ಷ ಮನವಿ ಹಿಡಿದು ರಾಜಧಾನಿಯ ಬಾಗಿಲುಗಳಲ್ಲಿ ಕಾದವರು ಅಂಗಳದಲ್ಲಿ ಎಷ್ಟೋ ಜನರಿದ್ದರು. ಅವರೆಲ್ಲ ಎದ್ದು ನಿಂತು ನೋಡುತ್ತಿದ್ದರು.

"ಮಾತು ಆಮೇಲೆ," ಎಂದಳು ಸೊಸೆ. ದನಿ ಗಟ್ಟಿಯಾಗಿತ್ತು. "ಎಲ್ಲರೆದುರಿಗೆ, ಇದೇ ಅಂಗಳದಲ್ಲಿ. ನನ್ನ ಕಿವೀಲಿ ಬೇಡ. ಯಾರು ಏನು ಕೊಡ್ತಾರೆ ಅಂತ ಊರೆಲ್ಲ ಕೇಳಿಸ್ಕೊಳ್ಲಿ. ಮೊದ್ಲು ನಮ್ಮತ್ತೇನ ಕಳಿಸಿಬರ್ಬೇಕು. ವ್ಯಾನು ಒಳಗೆ ಬರಲ್ಲ, ಯಾಕೆ ಅಂತ ನೀವೇ ದಾಟಿ ಬಂದ್ರಲ್ಲ, ನೋಡಿದ್ದೀರಿ. ಹೆಗಲು ಕೊಡೋಕೆ ಇನ್ನೂ ಇಬ್ರು ಬೇಕು."

ಹೆಗಲು ಕೊಡಲು ಊರಿನಲ್ಲಿ ಜನಕ್ಕೆ ಬರವಿರಲಿಲ್ಲ. ಔಷಧಿ ಅಂಗಡಿಯವನು ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದ. ಮೇಷ್ಟ್ರು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದರು.

ಕಾರ್ಯದರ್ಶಿ ನಾಯಕನನ್ನು ನೋಡಿದ. ನಾಯಕ ಕಾರ್ಯದರ್ಶಿಯನ್ನು ನೋಡಿದ. ಆಮೇಲೆ ಇಬ್ಬರೂ, ಒಬ್ಬನಿಗಿಂತ ಒಬ್ಬ ಮೊದಲು ಹೋಗಬೇಕೆಂದು, ಬೇಗ ಬೇಗ ತೋಳು ಮಡಚಿಕೊಳ್ಳತೊಡಗಿದರು.

ಹಿಂದೆ ಮಗ ಮತ್ತು ಮೇಷ್ಟ್ರು, ಮುಂದೆ ಎಡಕ್ಕೆ ಆಳುವ ಪಕ್ಷ, ಬಲಕ್ಕೆ ವಿರೋಧ ಪಕ್ಷ. ಟೈಲರಮ್ಮ ಮೇಲೆದ್ದಳು. ಬೀದಿಯ ಎರಡೂ ಕಡೆ, ಮೆಟ್ಟಿಲು, ಕಿಟಕಿ, ತಾರಸಿಗಳ ಮೇಲೆ ಜನ ತುಂಬಿದ್ದರು. ಯಾರೋ ಚಪ್ಪಾಳೆ ತಟ್ಟಿದರು, ಬೀದಿಯ ಕೊನೆಯವರೆಗೂ ಅದು ಹಬ್ಬಿತು. ಹಲಗೆ ಇಬ್ಬರು ಸಮವಾಗಿ ನಡೆಯುವಷ್ಟು ಅಗಲವಿರಲಿಲ್ಲ. ಕಾರ್ಯದರ್ಶಿ ಎಡಕ್ಕೆ ಕೆಸರಿಗಿಳಿದ, ನಾಯಕ ಬಲಕ್ಕೆ ಇಳಿದ. ಕೆಸರು ಮೊಣಕಾಲಿಗೆ ಬಂತು. ಒಬ್ಬನ ಚಪ್ಪಲಿ ಅಲ್ಲೇ ಉಳಿಯಿತು. ಇನ್ನೊಬ್ಬ ಬಿಡದೆ ಹೊತ್ತಿದ್ದಾನೆ ಎಂದು ಇವನೂ ಬಿಡಲಿಲ್ಲ, ಇವನು ಬಿಡಲಿಲ್ಲ ಎಂದು ಅವನೂ ಬಿಡಲಿಲ್ಲ.

ಎಲ್ಲರಿಗಿಂತ ಮುಂದೆ ಸೊಸೆ ನಡೆಯುತ್ತಿದ್ದಳು. "ನಿಧಾನ, ಅಲುಗಾಡಿಸ್ಬೇಡಿ" ಎಂದು ಹಿಂದಿರುಗಿ ನೋಡದೆಯೇ ಹೇಳಿದಳು. ಇಬ್ಬರೂ ಒಟ್ಟಿಗೆ ಹೆಜ್ಜೆ ನಿಧಾನ ಮಾಡಿದರು.